ನೆಲದ ಮೇಲೆ ಅರ್ಧ ಗಂಟೆ

ಆದೋನಿ–ಆಸ್ಪರಿ ರಸ್ತೆಯಲ್ಲಿ ನನ್ನಷ್ಟು ಜೋರಾಗಿ ಆಟೋ ಓಡಿಸೋರು ಯಾರೂ ಇಲ್ಲ. ಕ್ವಿಂಟಾಲ್ ಚೀಲವನ್ನೂ ಒಬ್ಬನೇ ಎತ್ತುತ್ತೇನೆ. ಆವತ್ತು ಆದೋನಿಯಲ್ಲಿ ಮೊಣಕಾಲಿಗೆ ಸೂಜಿ ಹಾಕಿಸಿಕೊಂಡ ಮುದುಕಿಯೊಬ್ಬಳು ಹತ್ತಿದ್ದಳು. ದಾರಿಬದಿಯ ಹೊಲದಲ್ಲಿ ಹೆಂಗಸರು ದುಂಡಗೆ ಕುಂತು ಗಿಡದಿಂದ ಶೇಂಗಾ ಕಾಯಿ ಬಿಡಿಸುತ್ತಿದ್ದರು. "ನಿಲ್ಸಪಾ," ಅಂದಳು ಮುದುಕಿ.

"ಯಾಕಬೇ ಅವ್ವಾ?"

"ನೋಡ್ತೀನಿ. ನೆಲಕ್ಕ ಕುಂತು ಮೂರು ವರ್ಷ ಆತು. ಎಲ್ಲಿ ಹೋದ್ರೂ ನನಗ ಕುರ್ಚಿ ಹಾಕ್ತಾರ. ಮಾತೆಲ್ಲ ಕೆಳಗ ಉಳೀತಾವ."

"ನಾ ಕುಂದ್ರಸ್ತೀನಿ ಬಾ."

"ಮತ್ತ ಎಬ್ಬಸಾಂವ ಯಾರು, ನಿಮ್ಮಪ್ಪನಾ?"

"ಅದೂ ನಾನಽ!"

ಎತ್ತಿಕೊಂಡು ಹೋಗಿ ಕೂಡಿಸಿದೆ. ಹೆಂಗಸರು ನಗುತ್ತಾ "ರಾ ಅವ್ವಾ" ಅಂತ ತೆಲುಗಿನಲ್ಲಿ ಕರೆದು, ಸರಿದು ಜಾಗ ಕೊಟ್ಟರು. ಮಡಚಲಾಗದ ಕಾಲು ನೀಡಿಕೊಂಡು, ಮಡಿಲಿಗೆ ಶೇಂಗಾ ಗಿಡ ಎಳೆದುಕೊಂಡಳು. ಆಮೇಲೆ ಮಾತೋ ಮಾತು. ಅರ್ಧ ಗಂಟೆಗೆ ನಾನೇ ಅವಸರ ಮಾಡಿ, ಕಂಕುಳಿಗೆ ಕೈಕೊಟ್ಟು ಒಂದೇ ಏಟಿಗೆ ಎತ್ತಿ ನಿಲ್ಲಿಸಿದೆ. ಶಹಬ್ಬಾಸ್ ಅಂತಾಳೆ ಅಂದುಕೊಂಡಿದ್ದೆ.

ಆಟೋ ಹೊರಟ ಮೇಲೂ ಆಕೆ ಹಿಂದಕ್ಕೇ ನೋಡುತ್ತಿದ್ದಳು. "ಎತ್ತಾಕ ಆಗವಲ್ದವ್ವಾ ಅಂತ ಒಂದು ಸುಳ್ಳು ಹೇಳಾಕ ಬರ್ತಿರಲಿಲ್ಲೇನು ನಿನಗ?" ಅಂದಳು.

ನನ್ನ ತೋಳಬಲಕ್ಕೆ ನಾನು ಬೈಸಿಕೊಂಡಿದ್ದು ಅದೇ ಮೊದಲು. ಸ್ಟ್ಯಾಂಡಿನ ಹುಡುಗರಿಗೆ ಹೇಳಬೇಡಿ, ಆವತ್ತು ಆಸ್ಪರಿವರೆಗೂ ಆಟೋ ಮೆಲ್ಲಗೆ ಓಡಿಸಿದೆ.