ಅವಾರ್ಡ್ ಫಂಕ್ಷನ್ನಿಗೆ ಹೊರಟ ಮಡ್ಲಕ್ಕಿ

ನಂಜನಗೂಡಿನಿಂದ ಬೆಳಿಗ್ಗೆ ಹತ್ತರ ಬಸ್ಸಿಗೆ ಹೊರಟೆವು, ನಾನು ಮತ್ತು ನಮ್ಮ ಸೋದರತ್ತೆ ಜಯಮ್ಮ. ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಸೀಟು ಮಾತ್ರ ಒಂದೇ ಸಿಕ್ಕಿತು. ಅತ್ತೆ ಕೂತರು, ತೊಡೆಯ ಮೇಲೆ ಬಟ್ಟೆ ಚೀಲ. ಅದರಲ್ಲಿ ಸೇರಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ರವಿಕೆ ಕಣ, ಎಲೆ ಅಡಿಕೆ, ಕುಂಕುಮ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿಗೆ ಹುಯ್ಯುವ ಮಡ್ಲಕ್ಕಿ. ಅತ್ತೆಗೆ ಹೆಣ್ಣುಮಕ್ಕಳಿಲ್ಲ. ಇದು ಟಿ.ವಿ. ಸೀರಿಯಲ್ಲಿನ ಸುಮತಿಗೆ.

ಸೀರಿಯಲ್ಲಿನಲ್ಲಿ ಸುಮತಿ ತಾಯಿಯಿಲ್ಲದವಳು. ಮಡ್ಲಕ್ಕಿಯಿಲ್ಲದೆ ಗಂಡನ ಮನೆ ಸೇರಿದಳು. ಆವತ್ತು ಅತ್ತೆ ಊಟ ಬಿಟ್ಟಿದ್ದರು. ಮೈಸೂರಿನ ಅವಾರ್ಡ್ ಫಂಕ್ಷನ್ನಿಗೆ ಅವಳು ಬರುತ್ತಾಳೆಂದು ತಿಳಿದದ್ದೇ ತಡ, ನನ್ನ ಕೈಯಲ್ಲಿ ಎರಡು ಪಾಸು ತರಿಸಿದರು.

"ಅದು ನಾಟಕ ಕಣತ್ತೆ" ಅಂದೆ.

"ನಂಗೊತ್ತಿಲ್ವೇನೇ? ಆದ್ರೂ ಆ ಮಗು ಬರಿ ಮಡ್ಲಲ್ಲಿ ಹೋಯ್ತಲ್ಲ."

ಇವರ ಹತ್ತಿರ ವಾದ ಮಾಡುವುದು ನನ್ನಿಂದಾಗದು.

ಮೈಸೂರಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಲಷ್ಕರ್ ಮೊಹಲ್ಲಾದಲ್ಲಿ ರೈಸ್‌ಬಾತ್ ತಿಂದು, ಸಿಟಿ ಬಸ್ಸಿನಲ್ಲಿ ಹೂಟಗಳ್ಳಿಯಾಚೆಯ ಬಯಲಿಗೆ ಹೋದೆವು. ಅಬ್ಬಬ್ಬಾ! ತೆಂಗಿನ ಮರದೆತ್ತರದ ಕಟೌಟುಗಳು, ಕ್ರೇನಿನಿಂದ ನೇತಾಡುವ ಸೇಬಿನ ಹಾರ. ಗೇಟಿನಲ್ಲಿ ಪ್ಯಾಂಟು ಶರಟಿನ ಸೆಕ್ಯೂರಿಟಿ ಹುಡುಗಿ ಚೀಲದಿಂದ ಕಾಯಿ ಎತ್ತಿ ಹಿಡಿದಳು.

"ಇದನ್ನ ಬುಡಂಗಿಲ್ಲ ಕಣಮ್ಮ. ಯಾರಾದ್ರೂ ಸ್ಟೇಜಿಗೆ ಎಸೆದ್ಬುಟ್ರೆ?"

"ಮಡ್ಲಕ್ಕಿ ಕಾಯಿನ ಯಾರಮ್ಮ ಎಸೀತಾರೆ?"

ಹುಡುಗಿ ಒಂದು ಗಳಿಗೆ ಚೀಲವನ್ನೇ ನೋಡಿದಳು. "ನನ್ನ ಕುರ್ಚಿ ಕೆಳಗೆ ಇಟ್ಟಿರ್ತೀನಿ. ಹೋಗ್ತಾ ಇಸ್ಕೊಳ್ಳಿ" ಅಂದಳು.

ಮೂರಕ್ಕೆ ಅಂದ ಫಂಕ್ಷನ್ ಐದಕ್ಕೆ ಶುರುವಾಯಿತು. ಅತ್ಯುತ್ತಮ ಸೊಸೆ, ಅತ್ಯುತ್ತಮ ನಾದಿನಿ, ಅತ್ಯುತ್ತಮ ಕಣ್ಣೀರು. ಪ್ರಶಸ್ತಿಯಿಲ್ಲದೆ ಮನೆಗೆ ಹೋದವರು ನಾವಿಬ್ಬರೇ ಇರಬೇಕು. ಚಪ್ಪಾಳೆ ಯಾವಾಗ ತಟ್ಟಬೇಕೆಂದು ಒಬ್ಬ ಕೈ ಬೀಸಿ ತೋರಿಸುತ್ತಿದ್ದ. ಕಣ್ಣೀರಿನ ಪ್ರಶಸ್ತಿ ಸುಮತಿಗೇ ಬಂತು. ಕ್ಯಾಮೆರಾದಲ್ಲಿ ಸರಿಯಾಗಿ ಬೀಳಲಿಲ್ಲವೆಂದು ಟ್ರೋಫಿ ವಾಪಸ್ ಇಸಿದುಕೊಂಡು ಮೂರು ಸಲ ಕೊಟ್ಟರು. ಮೂರು ಸಲವೂ ಅವಳು ಅತ್ತಳು. ಆಮೇಲೆ ಮುಂದಿನ ಸಾಲಿನಿಂದ ಅವಳ ಹೆತ್ತ ತಾಯಿಯನ್ನು ಕರೆದರು. ರೇಷ್ಮೆ ಸೀರೆಯ ಗುಂಡನೆಯ ಹೆಂಗಸು, ಮಗಳನ್ನು ತಬ್ಬಿಕೊಂಡರು.

"ಸದ್ಯ, ತಾಯಿ ಇದಾಳಲ್ಲ" ಅಂದು ಅತ್ತೆ ಕಣ್ಣೊರೆಸಿಕೊಂಡರು. ಆದರೂ ಅವರ ಮುಖ ಸಪ್ಪಗಾಯಿತು. ಹೊರಟೇಬಿಟ್ಟೆವು.

ಗೇಟಿನಲ್ಲಿ ಹುಡುಗಿ ಚೀಲ ಕೊಟ್ಟಳು. "ಕೊಡಕ್ಕಾಗ್ಲಿಲ್ವಾ ಅಮ್ಮ?"

"ಅವಳಿಗೆ ಹುಯ್ಯೋರಿದಾರೆ ಬುಡು. ನಿಂಗೆ ಯಾರು ಹುಯ್ದ್ರು?" ಅವಳ ಕಾಲರಿನಿಂದ ಇಣುಕುತ್ತಿದ್ದ ಕರಿಮಣಿ ನೋಡಿ ಅತ್ತೆ ಕೇಳಿದರು.

"ಓಡಿಬಂದು ಮದ್ವೆ ಆದೋಳಿಗೆ ಯಾರು ಹುಯ್ತಾರೆ? ನಮ್ಮನೆಯೋರು ಮಾತಾಡ್ಸಿ ನಾಕು ವರ್ಷ ಆಯ್ತು."

ಅತ್ತೆ ಅವಳನ್ನು ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. ಮಡ್ಲಕ್ಕಿಗೆ ಸೆರಗಿಲ್ಲ. "ಕೊಡೇ ನಿನ್ ವೇಲು" ಎಂದು ನನ್ನ ಕಡೆ ಕೈ ಚಾಚಿದರು. ಹೊಸ ವೇಲು! ಕೊಟ್ಟೆ. ಅದನ್ನು ಅವಳ ಸೊಂಟಕ್ಕೆ ಸುತ್ತಿ ಮಡಿಲು ಮಾಡಿ, ಕುಂಕುಮವಿಟ್ಟು, ಐದು ಬೊಗಸೆ ಅಕ್ಕಿ ಹುಯ್ದರು. ಕಾಯಿ, ಬೆಲ್ಲ, ಕಣ ಎಲ್ಲ ಇಟ್ಟರು. ಒಳಗೆ ಯಾರಿಗೋ ಚಪ್ಪಾಳೆ ಬೀಳುತ್ತಿತ್ತು.

ಅವಳು ಎದ್ದು, ಯಾರೂ ಹೇಳಿಕೊಡದೆ, ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ಅತ್ತೆಯ ಸೆರಗಿಗೆ ಹಾಕಿದಳು. ಮಗಳಾದವಳು ತವರಿಗೆ ಬಿಟ್ಟುಹೋಗುವ ಹಿಡಿ ಅದು.

"ತವರು ತುಂಬಿರ್ಲಿ ಅವ್ವ" ಅಂದಳು.

ವಾಪಸ್ ಬಸ್ಸಿನಲ್ಲಿ ಸೀಟು ಎರಡೂ ಸಿಕ್ಕಿದವು. ಕಂಡಕ್ಟರ್ ಆಧಾರ್ ಕೇಳಿದ. ಅತ್ತೆ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ನೀನೇ ತೆಗೆದು ತೋರ್ಸೇ, ನನ್ ಕೈ ಖಾಲಿ ಇಲ್ಲ" ಅಂದರು.