ಹೊಕ್ಕುಳಬಳ್ಳಿಯ ಆಸೆ

ಆಗ ನಾನು ಹೊಕ್ಕುಳಬಳ್ಳಿಯ ರಕ್ತವನ್ನು ವರ್ಷಗಟ್ಟಲೆ ಕಾಪಿಡುವ ಕಂಪನಿಯೊಂದರ ಪ್ರತಿನಿಧಿಯಾಗಿದ್ದೆ. ಮುಳಬಾಗಿಲಿನ ನರ್ಸಿಂಗ್ ಹೋಂ ಒಂದರಲ್ಲಿ ಬಸುರಿಯರನ್ನು ಕೂರಿಸಿಕೊಂಡು, ಈ ರಕ್ತದ ಸ್ಟೆಮ್ ಸೆಲ್‌ಗಳಿಂದ ಎಂಥೆಂಥ ಕಾಯಿಲೆಯೂ ವಾಸಿಯಾಗುತ್ತೆ ಅಂತ ಭಾಷಣ ಬಿಗಿದಿದ್ದೆ.

ವರ್ಷ ಕಳೆದ ಮೇಲೆ ರಾಯಲ್ಪಾಡಿನ ಟೀಚರಮ್ಮ ಒಬ್ಬರು ಫೋನ್ ಮಾಡಿ ಮನೆಗೆ ಕರೆದರು. ಅವರಿಗೆ ಏಳು ತಿಂಗಳಾಗಿತ್ತು. ನಾನು ಫಾರಂ ತೆಗೆದಿಟ್ಟಾಗ, ಗೋಡೆ ಹಿಡಿದುಕೊಂಡು ಬಂದ ಎಂಟು ವರ್ಷದ ಮಗಳನ್ನು ತೋರಿಸಿದರು. ಅವಳ ಕಾಲಿನ ಸ್ನಾಯುಗಳು ದಿನೇದಿನೇ ಸೋಲುತ್ತಿದ್ದವಂತೆ.

"ಒಂದೇ ಮಗು ಸಾಕು ಅಂದ್ಕೊಂಡಿದ್ವಿ ಸಾರ್. ಅವತ್ತು ಬಸುರಿ ತಂಗಿ ಜೊತೆ ನರ್ಸಿಂಗ್ ಹೋಮಿಗೆ ಬಂದು ನಿಮ್ಮ ಮಾತು ಕೇಳಿದ ಮೇಲೇ ಇನ್ನೊಂದಕ್ಕೆ ಧೈರ್ಯ ಮಾಡಿದ್ದು. ಇದರ ರಕ್ತದಿಂದ ಇವಳು ನಡೀತಾಳಲ್ವಾ?"

"ಮುಂದೆ ಆಗಬಹುದು ಮೇಡಂ. ವಿದೇಶದಲ್ಲಿ ಸಂಶೋಧನೆ ನಡೀತಿದೆ" ಅಂದೆ.

"ಮುಂದೆ ಅಂದ್ರೆ ಯಾವಾಗ?"

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಇನ್ನು ಸುಳ್ಳು ಹೇಳಲಾಗಲಿಲ್ಲ.

"ಇವಳ ಕಾಯಿಲೆಗೆ ಇದ್ರಿಂದ ಚಿಕಿತ್ಸೆ ಇಲ್ಲ ಮೇಡಂ. ಕೆಲವು ರಕ್ತದ ಕಾಯಿಲೆಗಳಿಗೆ ಮಾತ್ರ ಉಪಯೋಗ ಅಂತ ಅವತ್ತೇ ಹೇಳ್ಬೇಕಿತ್ತು. ಹೇಳಲಿಲ್ಲ."

ಅವರು ಬೈಯಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಾಳೆ ಈ ಮಗು, ನನ್ನ ಯಾಕೆ ಹೆತ್ತೆ ಅಂತ ಕೇಳಿದ್ರೆ ಏನ್ ಹೇಳ್ಲಿ ಸಾರ್?" ಅಂದರು.

ಕೊಟ್ಟ ಕಾಫಿಯನ್ನೂ ಮುಟ್ಟದೆ ಎದ್ದು ಬಂದೆ.

ಆಫೀಸಿಗೆ ಕಳಿಸಿದ ವರದಿಯಲ್ಲಿ 'ಗ್ರಾಹಕರಿಗೆ ಆಸಕ್ತಿ ಇಲ್ಲ' ಅಂತ ಬರೆದೆ. ಒಂದು ನಿಜ ಹೇಳಿದ ದಿನವೇ ಮತ್ತೊಂದು ಸುಳ್ಳು. ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ?