ಸಿ ತಿಜಾನಿಯವರ ವಿನಿಗರ್ ವ್ರತ

“ಬಿಳಿ ರಾತ್ರಿಗಳು ಶುರುವಾಗೋದ್ರೊಳಗೆ ಅವಳಿಗೆ ವಿನಿಗರ್ ಕುಡಿಸ್ಬೇಕು, ಹೊಟ್ಟೇಲಿರೋ ಉಪ್ಪನ್ನೆಲ್ಲ ಕಕ್ಕಿಸ್ಬೇಕು!” ಎಂದು ಸಿ ತಿಜಾನಿ ಗುಡುಗಿದ್ದನ್ನು ಮೊದಲ ಸಲ ಕೇಳಿದಾಗ, ಬಿಝೆರ್ತಾ ಬಂದರಿನ ಕಾಫಿ ಅಂಗಡಿಯ ಲಸಾದ್ ಇವರ ಅತ್ತೆಯ ಕಥೆ ಮುಗಿಯಿತೆಂದೇ ತಿಳಿದಿದ್ದ, ‘ಅವಳು’ ಎಂದರೆ ಅವರ ದೋಣಿಯ ಏಸಿ ಎಂದು ಗೊತ್ತಾದದ್ದು ಆಮೇಲೆ. ಊರವರೆಲ್ಲ ಗೌರವಕ್ಕೆ ‘ಸಿ’ ಸೇರಿಸಿ ಕರೆಯುವ, ನಿವೃತ್ತ ಶಾಲಾ ತನಿಖಾಧಿಕಾರಿಯಾದ ಸಿ ತಿಜಾನಿಗೆ ಇಡೀ ಬಂದರೇ ಒಂದು ದಡ್ಡರ ತರಗತಿ. ರೈತರ ಪಂಚಾಂಗದ ಬಿಳಿ ರಾತ್ರಿಗಳು ಡಿಸೆಂಬರಿನ ಕೊನೆಗೆ ಚಳಿ ತರುವ ಮುನ್ನ ಅವರು ಟೈ ಕಟ್ಟಿಕೊಂಡೇ ದೋಣಿಯೊಳಗೆ ಮಂಡಿಯೂರಿ, ಏಸಿಯನ್ನು ತಂಪಾಗಿಡಲು ಕೊಳವೆಗಳಲ್ಲಿ ಹರಿಯುವ ಸಮುದ್ರದ ನೀರನ್ನು ಬಸಿದು, ವಿನಿಗರ್ ಹಾಯಿಸಿ, ಸಿಹಿನೀರಿನಿಂದ ತೊಳೆಯುತ್ತಾರೆ. ಪಕ್ಕದ ದೋಣಿಯವರು ಕೈಕಟ್ಟಿ ಕೂತದ್ದು ಕಂಡರೆ ಮೈಯೆಲ್ಲ ಉರಿ. “ಲೇ ಸೋಮಾರಿಗಳಾ, ಉಪ್ಪುನೀರು ಹಾಗೇ ಬಿಟ್ರೆ ಒಳಗೆ ಕಪ್ಪೆಚಿಪ್ಪು ಬಂದು ಸಂಸಾರ ಹೂಡುತ್ತೆ ಕಣ್ರೋ! ಎಬ್ಬಿಸಿದ್ರೂ ಏಳಲ್ಲ, ನಿಮ್ಮ ಹಾಗೆ!” ಇಷ್ಟೆಲ್ಲ ಉಪಚಾರದ ದೋಣಿ ದಡ ಬಿಟ್ಟು ಹೋದದ್ದನ್ನು ಮಾತ್ರ ಕಂಡವರಿಲ್ಲ. ಆಗಸ್ಟಿನಲ್ಲಿ ಮರಳುಗಾಡಿನ ಬಿಸಿಗಾಳಿ ಬೀಸಿ ಊರ ಕರೆಂಟು ಹೋದಾಗ, ಆಸ್ತಮಾದಿಂದ ಏದುವ ಹೆಂಡತಿ ಮಬ್ರೂಕಾರನ್ನು ತೋಳು ಹಿಡಿದು ಕರೆತಂದು, ಜನರೇಟರು ಹಾಕಿ, ದೋಣಿಯೊಳಗೆ ಏಸಿಯ ತಂಪಿನಲ್ಲಿ ಮಲಗಿಸುತ್ತಾರೆ. ಒಂದು ಬೇಸಿಗೆಯಲ್ಲಿ ಕೊಳವೆಗೆ ಚಿಪ್ಪು ಕಟ್ಟಿ ಏಸಿ ನಿಂತಿತ್ತು. ಆಕೆ ತುಟಿ ನೀಲಿಗಟ್ಟಿ ಆಸ್ಪತ್ರೆ ಸೇರಿದ್ದರು. ಇದ್ಯಾವುದೂ ತಿಳಿಯದ ಹೊಸ ದೋಣಿಯವನೊಬ್ಬ ಈ ಸಲ ಹಲ್ಲು ಕಿರಿದ: “ಅಲ್ಲ ಸಿ ತಿಜಾನಿ, ಕೊಳವೇಲಿ ನೀರು ಹೆಪ್ಪುಗಟ್ಟಿ ಒಡೆಯೋಕೆ ನಮ್ಮೂರಲ್ಲಿ ಹಿಮ ಬೀಳುತ್ತಾ?” ಸಿ ತಿಜಾನಿ ಕೊಳವೆಯಿಂದ ತಲೆಯೆತ್ತಲಿಲ್ಲ. “ಹಿಮಕ್ಕೆ ಯಾವನಯ್ಯಾ ಹೆದರ್ತಾನೆ? ನನ್ನ ಹೆಂಡ್ತಿ ಸಾಯೋದು ಸೆಕೆಗೆ.”